ಕಾಗದದ ಹೂವಿನ ಹರಳು

ಸೂಕ್ಷ್ಮದರ್ಶಕದ ಕೆಳಗೆ ಅವತ್ತು ಬೆಳಿಗ್ಗೆಯೂ ಸೂಜಿಗಳೇ ಇದ್ದವು. ಒಂದೊಂದು ಹನಿಯಲ್ಲೂ ನೂರಾರು, ಕೂದಲಿಗಿಂತ ಸಣ್ಣವು, ಒಂದೇ ಬಿಂದುವಿನಿಂದ ಸಿಡಿದು ಎಲ್ಲ ದಿಕ್ಕಿಗೂ ಚಾಚಿಕೊಂಡಿದ್ದವು. ನೋಡಲು ಚೆಂದ, ಕೆಲಸಕ್ಕೆ ಬಾರದವು. ನಮಗೆ ಬೇಕಾಗಿದ್ದದ್ದು ಕಲ್ಲುಸಕ್ಕರೆಯ ಚೂರಿನ ಹಾಗೆ ಮುಖಗಳು ತೀಡಿದಂತಿರುವ ಒಂದೇ ಒಂದು ಒಂಟಿ ಹರಳು. ಪ್ರೋಟೀನಿನ ಅಣುಗಳು ಸಾಲಾಗಿ, ಶಿಸ್ತಾಗಿ ಕೂತರೆ ಹರಳಾಗುತ್ತದೆ. ಅದರ ಮೇಲೆ ಎಕ್ಸ್-ರೇ ಬಿಟ್ಟರೆ ಚುಕ್ಕಿಗಳ ಚಿತ್ರ ಬರುತ್ತದೆ. ಆ ಚುಕ್ಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದರೆ ಅಣುವಿನ ಆಕಾರ ಸಿಗುತ್ತದೆ. ಸೂಜಿಗಳ ಗೊಂಚಲಿಗೆ ಎಕ್ಸ್-ರೇ ಬಿಟ್ಟರೆ ಬರೀ ಗೋಜಲು.

ಸಾರ್ ಬಗ್ಗಿ ನೋಡಿ, "ಪಾರ್ಕಲಾಂ" ಅಂದರು. ನೋಡೋಣ ಅಂತ. ಸಾರ್ ಅಂದರೆ ನನ್ನ ಪಿಎಚ್‌ಡಿ ಮಾರ್ಗದರ್ಶಕರು, ಸೇಲಂನ ನಮ್ಮ ಕಾಲೇಜಿನಲ್ಲಿ ಇಡೀ ಆಯುಷ್ಯ ಸವೆಸಿದವರು. ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಈ ಒಂದು ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಆದರೆ ಈಗ ನೋಡೋಣ ಅನ್ನಲು ಹೊತ್ತೇ ಉಳಿದಿರಲಿಲ್ಲ. ದೂರದ ಊರಿನ ದೊಡ್ಡ ಎಕ್ಸ್-ರೇ ಕೇಂದ್ರದಲ್ಲಿ ನಮಗೆ ಡಿಸೆಂಬರಿನಲ್ಲಿ ಒಂದು ದಿನ ಸಿಕ್ಕಿತ್ತು. ಮಾರ್ಚಿನಲ್ಲಿ ಸಾರ್ ನಿವೃತ್ತಿ. ಡಿಸೆಂಬರಿಗೆ ಹರಳಿಲ್ಲದಿದ್ದರೆ ಈ ಪ್ರೋಟೀನಿನ ಆಕಾರವನ್ನು ಅವರು ನೋಡದೆಯೇ ಬೀರುವಿನ ಬೀಗದ ಕೈ ಒಪ್ಪಿಸಿ ಹೋಗಬೇಕಿತ್ತು. ನನ್ನ ಪ್ರಬಂಧದಲ್ಲಿ ಮುಖ್ಯ ಅಧ್ಯಾಯವೇ ಇರುತ್ತಿರಲಿಲ್ಲ.

ಪ್ರೋಟೀನು ಎಲ್ಲಿಂದಲೋ ತರಿಸಿದ್ದಲ್ಲ. ಮಾರಂಡಹಳ್ಳಿ ಹತ್ತಿರದ ನಮ್ಮ ದೊಡ್ಡವ್ವನ ಹೊಲದ ಬೇಲಿಯಲ್ಲಿ ಬೆಳೆದ ಕಾಗದದ ಹೂವಿನ ಗಿಡದ ಎಲೆಯದು. ಆ ಕಡೆ ಟೊಮೇಟೊ ಹಾಕದವರಿಲ್ಲ. ಮುಟುರು ರೋಗಕ್ಕೆ ಹೆದರದವರೂ ಇಲ್ಲ. ಎಲೆ ಮುದುಡಿ, ಗಿಡ ಕುಳ್ಳಾಗಿ, ಕಾಯಿ ಕಟ್ಟದೆ ಹೋಗುತ್ತದೆ. ಅದು ವೈರಸ್ಸು, ಬಂದ ಮೇಲೆ ಮದ್ದಿಲ್ಲ. ಯಾವ ಕಾಲದಲ್ಲೋ ಕೃಷಿ ಆಫೀಸಿನವರು ಹೇಳಿಕೊಟ್ಟಿದ್ದರಂತೆ, ಅವತ್ತಿನಿಂದ ದೊಡ್ಡವ್ವ ಪೈರಿಗೆ ಈ ಎಲೆಯ ರಸ ಚಿಮುಕಿಸುತ್ತಾಳೆ. ಅವಳ ಮಡಿ ಮುಟುರಾಗುವುದು ಕಡಿಮೆ. ಎಲೆಯಲ್ಲಿರುವ ಪ್ರೋಟೀನು ಜೀವಕೋಶದ ಒಳಗಿನ ರೈಬೋಸೋಮು ಎಂಬ ಯಂತ್ರವನ್ನು ಒಂದೇ ಒಂದು ಕಡೆ ಕಚ್ಚಿ ನಿಲ್ಲಿಸುತ್ತದೆ. ವೈರಸ್ಸಿಗೆ ಸ್ವಂತ ಯಂತ್ರವಿಲ್ಲ, ಗಿಡದ ಯಂತ್ರದಲ್ಲೇ ಅದರ ಬಾಳು. ಯಂತ್ರ ನಿಂತರೆ ಅದೂ ನಿಂತಿತು. ಕಚ್ಚುವ ಆ ಬಾಯಿ ಹೇಗಿದೆ, ಅದನ್ನು ಕಾಣಬೇಕು ಅನ್ನುವುದೇ ನಮ್ಮ ಕೆಲಸ.

ಎಲೆಯಿಂದ ಪ್ರೋಟೀನು ತೆಗೆಯುವುದನ್ನು ಕಲಿಯಲಿಕ್ಕೇ ಮೊದಲ ಎರಡು ವರ್ಷ ಹೋಗಿತ್ತು. ರುಬ್ಬಿದ ಅರ್ಧ ಗಂಟೆಗೆ ರಸ ಚಹದ ಬಣ್ಣಕ್ಕೆ ತಿರುಗಿ ಪ್ರೋಟೀನು ಹಾಳಾಗುತ್ತಿತ್ತು. ದೊಡ್ಡವ್ವನಿಗೆ ಹೇಳಿದರೆ ನಕ್ಕಳು. "ಎಳೇ ಎಲೆ ಯಾಕವ್ವಾ ಕೀಳ್ತೀಯ? ಅದರಾಗೆ ಬರೀ ನೀರೈತೆ. ಬಲ್ತಿರೋದ ಕೀಳು, ಬಿಸ್ಲು ಏರಾಕ್ ಮುಂಚೆ ಕೀಳು, ಒದ್ದೆ ಗೋಣಿನಾಗೆ ಸುತ್ಕೊಂಡ್ ಓಗು" ಅಂದಳು. ಹಾಗೇ ಮಾಡಿದೆ. ಬೆಳಗಿನ ಮೊದಲ ಬಸ್ಸಿಗೆ ಒದ್ದೆ ಗೋಣಿ ಹೊತ್ತು ಧರ್ಮಪುರಿ, ಓಮಲೂರು ದಾಟಿ ಸೇಲಂಗೆ ಬರುತ್ತಿದ್ದೆ. ಕಂಡಕ್ಟರು, "ಮಾಟ್ಟುಕ್ಕಾಮ್ಮಾ?" ಅಂತ ಕೇಳುತ್ತಿದ್ದ. ದನಕ್ಕಾ ಅಂತ. ತಣ್ಣಗಿನ ದ್ರಾವಣದಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನನ್ನು ತಳಕ್ಕೆ ಇಳಿಸಿ, ಕೊನೆಗೆ ಗಾಜಿನ ಕೊಳವೆಯಲ್ಲಿ ತುಂಬಿದ ರಾಳದ ಮೂಲಕ ಹನಿಹನಿಯಾಗಿ ಇಳಿಸಿದ ಮೇಲೆ ಜೆಲ್ ಮೇಲೆ ಒಂದೇ ಒಂದು ನೀಲಿ ಗೆರೆ ಕಂಡಿತು. ಅಂದರೆ ಶುದ್ಧ. ಅವತ್ತು ನಾನು ಎಲ್ಲರಿಗೂ ಕಡಲೆಮಿಠಾಯಿ ಹಂಚಿದ್ದೆ.

ಸೋಸುವ ಬಟ್ಟೆ ತಂದುಕೊಟ್ಟವಳು ಅಕ್ಕ. ನಮ್ಮ ಪ್ರಯೋಗಾಲಯದ ಅಟೆಂಡರು. ಸೇಲಂನ ನೇಕಾರರ ಬೀದಿಯವಳು, ಮನೆಮಾತು ನನ್ನ ಹಾಗೇ ಕನ್ನಡ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಇಪ್ಪತ್ತು ವರ್ಷ ನೇಯ್ದು, ಮಂಡಿ ಕೇಳದಾದಾಗ ಕಾಲೇಜಿಗೆ ಬಂದವಳು. ಅಂಗಡಿಯ ಬಟ್ಟೆಯಲ್ಲಿ ನಾರು ಬರುತ್ತಿದೆ ಎಂದು ನಾನು ಗೊಣಗಿದ ಮಾರನೇ ದಿನವೇ ಮನೆಯಿಂದ ಒತ್ತು ನೇಯ್ಗೆಯ ತುಂಡು ತಂದು, "ಇದ್ರಲ್ಲಿ ಸೋಸು ಕಣ್ಣು" ಅಂದಿದ್ದಳು. ಅವಳು ತೊಳೆದ ಗಾಜನ್ನು ನಾನು ಎರಡನೇ ಸಲ ನೋಡುತ್ತಿರಲಿಲ್ಲ. ಇಡೀ ವಿಭಾಗದಲ್ಲಿ ನನ್ನನ್ನು ತಮಿಳರ ಹಾಗೆ ಮುದ್ದಿನಿಂದ ಕಣ್ಣು ಅಂತ ಕರೆಯುತ್ತಿದ್ದವಳು ಅವಳೊಬ್ಬಳೇ.

ಹರಳು ಬೆಳೆಸುವುದು ತಾಳ್ಮೆಯ ಕೆಲಸ, ನನಗೋ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ನಾಲ್ಕು ಗುಳಿಗಳ ಒಂದು ತಟ್ಟೆ. ಪ್ರತಿ ಗುಳಿಯಲ್ಲೂ ಬೇರೆ ಬೇರೆ ಹದದ ಉಪ್ಪುದ್ರಾವಣ. ಸಣ್ಣ ಗಾಜಿನ ಬಿಲ್ಲೆಯ ಮೇಲೆ ಪ್ರೋಟೀನಿನ ಒಂದು ಹನಿ ಇಟ್ಟು, ಬಿಲ್ಲೆಯನ್ನು ತಲೆಕೆಳಗು ಮಾಡಿ ಗುಳಿಯ ಮೇಲೆ ಕೂರಿಸಿ, ಗ್ರೀಸಿನಿಂದ ಮುಚ್ಚಬೇಕು. ಕೈ ನಡುಗಿದರೆ ಹನಿ ಜಾರುತ್ತದೆ. ಆಮೇಲೆ ತಟ್ಟೆಯನ್ನು ಹದಿನೆಂಟು ಡಿಗ್ರಿಯಲ್ಲಿ ಇನ್‌ಕ್ಯುಬೇಟರಿನೊಳಗೆ ಇಟ್ಟು ಸುಮ್ಮನಿರಬೇಕು. ಹನಿಯಿಂದ ನೀರು ಮೆಲ್ಲಗೆ ಆರುತ್ತಾ ಪ್ರೋಟೀನು ಹರಳುಗಟ್ಟುತ್ತದೆ, ಗಟ್ಟುವುದಾದರೆ. ಆ ಇನ್‌ಕ್ಯುಬೇಟರನ್ನು ನಾವು ಪೆಟ್ಟಿಗೆ ಅಂತಲೇ ಕರೆಯುತ್ತಿದ್ದೆವು. ಬಂದು ಒಂದು ವರ್ಷವೂ ಆಗಿರಲಿಲ್ಲ. ಕರೆಂಟು ಹೋದರೂ ನಿಲ್ಲದಂತೆ ಅದಕ್ಕೇ ಒಂದು ಬ್ಯಾಟರಿ ಇಡಿಸಿದ್ದರು ಸಾರ್.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಪೆಟ್ಟಿಗೆಗೆ ಅದು ಮೊದಲ ಪೂಜೆ. ಹಿಂದಿನ ದಿನ ಬೆಳಿಗ್ಗೆಯೇ ನಾನು ಎಲೆ ತರಲು ಊರಿಗೆ ಹೊರಟೆ. ಪೆಟ್ಟಿಗೆಯನ್ನು ಆರಿಸಬೇಡಿ ಅಂತ ಒಂದು ಚೀಟಿ ಅಂಟಿಸಬೇಕಿತ್ತು. ಅಂಟಿಸಲಿಲ್ಲ. ಗೊತ್ತಿಲ್ಲದವರು ಯಾರಿದ್ದಾರೆ ಅಂದುಕೊಂಡೆ.

ವಿಜಯದಶಮಿಯ ಮಾರನೇ ದಿನ ಬಂದು ನೋಡಿದರೆ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು. ಬಾಗಿಲ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮದ ಬೊಟ್ಟು, ಹಿಡಿಗೆ ಬಾಡಿದ ಸೇವಂತಿಗೆ. ಪರದೆಯಲ್ಲಿ ಹದಿನೆಂಟೇ ಇತ್ತು. ಆದರೂ ಯಾಕೋ ಸಂಶಯ ಬಂದು ಗುಂಡಿ ಒತ್ತಿ ಹಿಂದಿನ ಗರಿಷ್ಠ ನೋಡಿದೆ. ಇಪ್ಪತ್ತೊಂಬತ್ತು!

"ಯಾರ್ನ ಕೇಳಿ ಆಫ್ ಮಾಡ್ದೆ ಅಕ್ಕಾ?" ನನ್ನ ಕೂಗಿಗೆ ಪಕ್ಕದ ಕೋಣೆಯವರು ಇಣುಕಿದರು.

ಅಕ್ಕ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟಳು. "ಸಾಮಿ ದಿನ ಅಲ್ವಾ ಕಣ್ಣು. ಮಗ್ಗ, ಕತ್ರಿ, ಎಲ್ಲಕ್ಕೂ ವರ್ಸಕ್ಕೊಂದ್ ದಿನ ರೆಸ್ಟ್ ಕೊಡ್ತೀವಿ. ಇದೊಂದಕ್ಕೆ ಬ್ಯಾಡ್ವಾ? ಅದ್ಕೇ ನಾನು ಮೆಲ್ಲ..."

ನಾನು ಪೂರ್ತಿ ಕೇಳಲಿಲ್ಲ. ನಾಲ್ಕು ವರ್ಷದ ಕೆಲಸ, ಸಾರ್ ನಿವೃತ್ತಿ, ಡಿಸೆಂಬರು, ಎಲ್ಲವನ್ನೂ ಅವಳ ತಲೆಗೆ ಕಟ್ಟಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅವಳ ಕಣ್ಣೆದುರಿಗೇ ಆ ಬೊಟ್ಟನ್ನು ಒರೆಸಿ ಹಾಕಿದೆ. ಅಕ್ಕ ನೆಲಕ್ಕೆ ಬಿದ್ದ ಕೆಂಪು ಹತ್ತಿಯನ್ನು ಎತ್ತಿಕೊಂಡು ಹೊರಗೆ ಹೋದಳು. ಅದನ್ನು ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತು, "ಮೇಡಂ, ಫಿಲ್ಟರಿಗೆ ನೀರು ತುಂಬ್ಲಾ?" ಅಂದಳು. ಅವತ್ತಿನಿಂದ ನಾನು ಮೇಡಂ ಆದೆ.

ತಟ್ಟೆ ತೆಗೆದು ನೋಡಿದರೆ ಸೂಜಿಗಳೆಲ್ಲ ಕರಗಿ ಹನಿಗಳು ತಿಳಿಯಾಗಿದ್ದವು. ಕಸದ ಬುಟ್ಟಿಗೆ ಹಾಕಲು ಎತ್ತಿದೆ. ಸಾರ್ ತಡೆದರು. "ಇರಲಿ ಬಿಡಮ್ಮ, ಅದೇನು ಅನ್ನ ಕೇಳುತ್ತದಾ? ಪಾರ್ಕಲಾಂ."

ಆರನೇ ದಿನ ನೋಡಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನಾಲ್ಕು ಹನಿಗಳಲ್ಲಿ ಒಂದೊಂದೇ ಹರಳು. ದಪ್ಪಗೆ, ಚೂಪಾದ ಅಂಚು, ಬೆಳಕು ಬಿದ್ದ ಕಡೆ ಬಣ್ಣ. ಸಾರ್ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ನಾವಿಬ್ಬರೂ ಅಂದುಕೊಂಡದ್ದು ಒಂದೇ: ಅಕ್ಕ ಸ್ವಿಚ್ ಆರಿಸಿದ್ದರಿಂದ ಸೂಜಿಗಳು ಕರಗಿದವು, ಮತ್ತೆ ತಣ್ಣಗಾದಾಗ ಹರಳು ಹೊಸದಾಗಿ ಬೆಳೆಯಿತು. ಅದೃಷ್ಟ.

ಆ ನಾಲ್ಕು ಹರಳು ಉಳಿಯಲಿಲ್ಲ. ಎಕ್ಸ್-ರೇ ಏಟಿಗೆ ಕೆಡದಿರಲಿ ಅಂತ ಹರಳನ್ನು ಸಣ್ಣ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ಒಂದೇ ಏಟಿಗೆ ಹೆಪ್ಪುಗಟ್ಟಿಸಬೇಕು. ಹೆಪ್ಪಾಗುವಾಗ ಒಳಗೆ ಮಂಜುಗಡ್ಡೆ ಆಗದಂತೆ ಮೊದಲು ಗ್ಲಿಸರಿನ್ನಿನಲ್ಲಿ ಅದ್ದಬೇಕು. ಎಷ್ಟು ಗ್ಲಿಸರಿನ್ ಅನ್ನುವುದು ಕೆಟ್ಟೇ ಕಲಿಯಬೇಕಾದ ವಿದ್ಯೆ. ಮೂರು ಹರಳು ಬಿರುಕು ಬಿಟ್ಟವು. ನಾಲ್ಕನೆಯದನ್ನು ಬೇರೆ ಸಂಸ್ಥೆಯ ಸಣ್ಣ ಯಂತ್ರದಲ್ಲಿ ಇಟ್ಟು ನೋಡಿದೆವು. ಚುಕ್ಕಿಗಳು ಬಂದವು, ಒಳ್ಳೆಯ ಚುಕ್ಕಿಗಳೇ, ಅಷ್ಟರಲ್ಲಿ ಅದೂ ಕೆಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ಎರಡು ವಿಷಯ ಗೊತ್ತಾಯಿತು. ಗ್ಲಿಸರಿನ್ನಿನ ಹದ ಎಷ್ಟು ಅಂತ ಒಂದು, ಹರಳು ಯೋಗ್ಯವಾದದ್ದು ಅಂತ ಇನ್ನೊಂದು. ಇನ್ನೇನು, ಮತ್ತೆ ಬೆಳೆಸಿದರಾಯಿತು.

ಮತ್ತೆ ಬೆಳೆಯಲಿಲ್ಲ. ಹೊಸ ತಟ್ಟೆ ಹಾಕಿ, ಸೂಜಿ ಬರುವ ತನಕ ಕಾದು, ಪೆಟ್ಟಿಗೆಯನ್ನು ಒಂದು ದಿನ ಆರಿಸಿ ಮತ್ತೆ ಹಾಕಿದೆ. ಹನಿ ತುಂಬ ಬಿಳಿ ಪುಡಿ ಕೂತಿತು. ಎರಡನೇ ಸಲ ಆರಿಸದೆ, ಶಾಖವನ್ನು ಒಂದೇ ಸಲಕ್ಕೆ ಇಪ್ಪತ್ತೆಂಟಕ್ಕೆ ಏರಿಸಿ, ಎರಡು ದಿನ ಬಿಟ್ಟು ಹದಿನೆಂಟಕ್ಕೆ ಇಳಿಸಿದೆ. ಮತ್ತೆ ಅದೇ ಹಾಳು ಸೂಜಿ. ಅಷ್ಟರಲ್ಲಿ ನವೆಂಬರು ಅರ್ಧ ಕಳೆದಿತ್ತು. ಊರಿಗೆ ಫೋನು ಮಾಡಿದರೆ ದೊಡ್ಡವ್ವ ಬೇಲಿ ಕತ್ತರಿಸಿಬಿಟ್ಟಿದ್ದಳು, ಎಲೆ ಬಲಿಯಲು ಜನವರಿಯ ಪೊಂಗಲ್ ಹಬ್ಬ ಆಗಬೇಕು ಅಂದಳು. ಫ್ರಿಜ್ಜಿನಲ್ಲಿ ಉಳಿದಿದ್ದ ಪ್ರೋಟೀನು ಒಂದೇ ತಟ್ಟೆಗೆ ಸಾಕಾಗುವಷ್ಟು.

ಸಾರ್ ಅದನ್ನು ಎರಡು ಭಾಗ ಮಾಡಿ ಎರಡು ಬೇರೆ ದಾರಿ ನೋಡೋಣ ಅಂದರು. ನಾನು ಒಂದು ದಿನ ಸಮಯ ಕೇಳಿದೆ. ತೊಟ್ಟಿಯ ಹತ್ತಿರ ಅಕ್ಕ ಪಿಪೆಟ್ಟು ತೊಳೆಯುತ್ತಿದ್ದಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಡುತ್ತಿದ್ದಳು. ಇಷ್ಟು ನಿಧಾನವಾಗಿ ಕೆಲಸ ಮಾಡುವವಳು ಪೆಟ್ಟಿಗೆಯನ್ನು ನನ್ನ ಹಾಗೆ ಟಕ್ಕಂತ ಆರಿಸಿರುತ್ತಾಳಾ? ಅವತ್ತು ಅವಳು "ಮೆಲ್ಲ" ಅಂದದ್ದು, ನಾನು ಬಾಯಿ ಮುಚ್ಚಿಸಿದ್ದು ನೆನಪಾಯಿತು. ಪಕ್ಕದಲ್ಲಿ ಸ್ಟೂಲು ಎಳೆದು ಕೂತೆ.

"ಅಕ್ಕ, ಅವತ್ತು ನಾನು ಮಾಡಿದ್ದು ತಪ್ಪು. ಬೊಟ್ಟು ಒರೆಸಬಾರದಿತ್ತು."

"ಅದೆಲ್ಲಾ ಬುಡಿ ಮೇಡಂ" ಅಂದಳು. ಮುಖ ಎತ್ತಲಿಲ್ಲ.

"ಪೆಟ್ಟಿಗೆನ ಹೇಗೆ ಆಫ್ ಮಾಡ್ದೆ? ಮೊದಲಿಂದ ಹೇಳು."

ಈಗ ಕೈ ನಿಲ್ಲಿಸಿದಳು. "ಒಂದೇ ಸಲ ಆಫ್ ಮಾಡ್ಲಿಲ್ಲ. ನಮ್ ಮನೇಲಿ ಪೂಜೆಗೆ ಮಗ್ಗ ನಿಲ್ಸೋವಾಗ ಪಾವಿನ ಹಗ್ಗನ ಸಡ್ಲ ಮಾಡ್ತೀವಿ. ಒಂದೇ ಸಲ ಬುಟ್ರೆ ನೂಲೆಲ್ಲಾ ಸುತ್ಕೊಂಡು ಸಿಕ್ಕಾಗೋಗ್ತದೆ. ಚೂರ್ ಚೂರ್ ಬುಡ್ಬೇಕು. ಪೂಜೆ ಆದ್ಮೇಲೆ ಬಿಗಿಯೋವಾಗ್ಲೂ ಅಂಗೇ. ಜೋರಾಗಿ ಎಳದ್ರೆ ಪಟ್ಟಂತ ಕಿತ್ತೋಗ್ತದೆ. ಇದ್ರೊಳ್ಗೂ ನೀವು ಏನೋ ಸಣ್ಣದು ಕಟ್ಟಿ ಇಟ್ಟಿದೀರಲ್ಲಾ ಅಂತ, ಒಂದ್ ಶೆಲ್ಫ್ ಒರ್ಸೋದು, ಮೇಲ್ಗಡೆ ಬಟನ್ ಎರಡ್ ಸಲ ಒತ್ತೋದು. ಗಂಟೆಗೊಂದ್ ಶೆಲ್ಫ್ ಆಯ್ತು. ರೂಮಿನ ಬಿಸಿಗೂ ಅದ್ರ ಬಿಸಿಗೂ ಸರಿ ಆದ್ಮೇಲೆ ಆಫ್ ಮಾಡ್ದೆ."

ಪಾವು ಅಂದರೆ ಮಗ್ಗದ ಹಾಸುನೂಲು. ನಾನು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ. "ಮತ್ತೆ ಹಾಕಿದ್ದು?"

"ವಿಜಯದಶಮಿ ಬೆಳಿಗ್ಗೆ ಟಿಫನ್ ಡಬ್ಬಿ ತಗೊಂಡ್ ಬಂದೆ. ಕೆಳಗಡೆ ಬಟನ್, ಗಂಟೆಗೆ ಎರಡ್ ಸಲ. ಊಟದ ಒತ್ಗೆ ಹದಿನೆಂಟಾಯ್ತು."

ರಜೆಯ ದಿನ, ಯಾರೂ ಹೇಳದೆ, ಖಾಲಿ ಪ್ರಯೋಗಾಲಯದಲ್ಲಿ ಗಡಿಯಾರ ನೋಡಿಕೊಂಡು ಇವಳು ಕೂತಿದ್ದಳು! ನಿಧಾನವಾಗಿ ತಣಿಸಿದರೆ ಹರಳು ಕಡಿಮೆ ಹುಟ್ಟಿ ದೊಡ್ಡದಾಗಿ ಬೆಳೆಯುತ್ತದೆ ಅನ್ನುವುದು ನಾವು ಓದದ ವಿಷಯವಲ್ಲ. ನಾನೂ ಓದಿದ್ದೆ, ಸಾರ್ ಪಾಠವನ್ನೇ ಮಾಡಿದ್ದರು. ಆದರೆ ಅಟೆಂಡರ್ ಮಾಡಿದ ಕೆಲಸ ಅಂದರೆ ಒಂದು ಸ್ವಿಚ್ಚು ಅಷ್ಟೇ ಅಂತ ಇಬ್ಬರೂ ತೀರ್ಮಾನಿಸಿ ಕೂತಿದ್ದೆವು.

"ಅವತ್ತೇ ಹೇಳಬಾರದಾಗಿತ್ತಾ ಅಕ್ಕ?"

"ನೀವು ಎಂಗ್ ಆಫ್ ಮಾಡ್ದೆ ಅಂತ ಕೇಳ್ಲಿಲ್ಲ ಮೇಡಂ. ಯಾರ್ನ ಕೇಳಿ ಆಫ್ ಮಾಡ್ದೆ ಅಂತ ಕೇಳುದ್ರಿ."

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ?

ಸಾರ್ ಕೋಣೆಗೆ ಹೋಗಿ, ಪ್ರೋಟೀನನ್ನು ಎರಡು ಪಾಲು ಮಾಡುವುದು ಬೇಡ, ಅಷ್ಟನ್ನೂ ಅಕ್ಕನ ದಾರಿಗೇ ಹಾಕುತ್ತೇನೆ ಅಂದೆ. ಅವರು ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ ಯೋಚಿಸಿದರು. ಹೋದರೆ ಎಲ್ಲವೂ ಹೋಯಿತು. ಆದರೂ ಸರಿ ಅಂದರು, ಆ ಸಲ ಮಾತ್ರ ಪಾರ್ಕಲಾಂ ಅನ್ನಲಿಲ್ಲ.

ತಟ್ಟೆ ನಾನು ಹಾಕಿದೆ. ಐದನೇ ದಿನಕ್ಕೆ ಸೂಜಿ ಬಂದವು. ಆರನೇ ದಿನ ಬೆಳಿಗ್ಗೆ ಅಕ್ಕ ಪೆಟ್ಟಿಗೆಯ ಮುಂದೆ ನಿಂತಳು, ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತೆ. ಗಂಟೆಗೆ ಎರಡು ಡಿಗ್ರಿ. ಮಧ್ಯೆ ನಾನು ಒಂದು ಸಲ, "ಮೂರು ಮಾಡಿದರೆ ಬೇಗ ಮುಗಿಯುತ್ತೆ" ಅಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ನಾನು ಪುಸ್ತಕದಲ್ಲಿ ಎರಡು ಅಂತಲೇ ಬರೆದೆ. ಕೋಣೆಯ ಶಾಖಕ್ಕೆ ಬಂದ ಮೇಲೆ ಆರಿಸಿ, ಪೂಜೆಯ ದಿನದಷ್ಟೇ ಹೊತ್ತು ಬಿಟ್ಟು, ಮತ್ತೆ ಅದೇ ಲೆಕ್ಕದಲ್ಲಿ ಇಳಿಸಿದೆವು. ಊಟಕ್ಕೂ ಸರದಿಯ ಮೇಲೆ ಹೋದೆವು.

ಏಳು ದಿನ ಪೆಟ್ಟಿಗೆಯ ಬಾಗಿಲು ತೆರೆಯಕೂಡದು ಅಂತ ಅಕ್ಕನೇ ಕಟ್ಟಪ್ಪಣೆ ಮಾಡಿದಳು. ತೆರೆದ ದಿನ ಹನ್ನೊಂದು ಹನಿಗಳಲ್ಲಿ ಹರಳಿದ್ದವು. ಎಣಿಸಿ ಮುಗಿಸಿದಾಗ ನಾನು ಅಳುತ್ತಿದ್ದೆ. ಅಕ್ಕ ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು ನೋಡಿ, "ಸಕ್ಕರೆ ಅಂಗೈತೆ ಮೇಡಂ" ಅಂದಳು. ಇನ್ನೂ ಮೇಡಮ್ಮೇ.

ಗ್ಲಿಸರಿನ್ ಹದ ಈಗ ಗೊತ್ತಿತ್ತು. ಎಂಟು ಹರಳು ಬಿರುಕಿಲ್ಲದೆ ಹೆಪ್ಪುಗಟ್ಟಿದವು. ಸಾರಜನಕದ ಪಾತ್ರೆಯನ್ನು ಮಗುವಿನ ಹಾಗೆ ಕಾಯ್ದುಕೊಂಡು ಡಿಸೆಂಬರಿನಲ್ಲಿ ಆ ದೂರದ ಕೇಂದ್ರಕ್ಕೆ ಹೋದೆ. ಮೊದಲ ಎರಡು ಹರಳು ಅಷ್ಟಕ್ಕಷ್ಟೇ. ಮೂರನೆಯದರ ಚುಕ್ಕಿಗಳು ಪರದೆಯ ಅಂಚಿನವರೆಗೂ ಹರಡಿದವು. ಅಲ್ಲಿನ ಅಧಿಕಾರಿ ಚಹದ ಲೋಟ ಕೆಳಗಿಟ್ಟು ಹತ್ತಿರ ಬಂದು, ಹೇಗೆ ಬೆಳೆಸಿದಿರಿ ಅಂತ ಕೇಳಿದರು. ಮಗ್ಗ ಸಡಿಲಿಸಿದ ಹಾಗೆ ಅಂದೆ. ತಮಾಷೆ ಅಂದುಕೊಂಡು ನಕ್ಕರು.

ಲೆಕ್ಕಾಚಾರಕ್ಕೆ ಎರಡು ತಿಂಗಳು ಹಿಡಿಯಿತು. ಆಕಾರ ಮೊದಲೇ ಗೊತ್ತಿದ್ದ ಹತ್ತಿರದ ನಂಟಿನ ಪ್ರೋಟೀನೊಂದನ್ನು ಅಚ್ಚಾಗಿಟ್ಟುಕೊಂಡು, ನಮ್ಮದು ಎಲ್ಲಿ ಹೊಂದುತ್ತದೆ, ಎಲ್ಲಿ ಬೇರೆಯಾಗುತ್ತದೆ ಅಂತ ಒಂದೊಂದೇ ಕೊಂಡಿ ಜೋಡಿಸಿದೆ. ಫೆಬ್ರವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಸಾರ್ ಅವರನ್ನು ಕರೆದು ಪರದೆಯ ಮುಂದೆ ಕೂರಿಸಿದೆ. ಅಣುವಿನ ನಡುವೆ ಒಂದು ಸಂದು, ಅದರ ತಳದಲ್ಲಿ ರೈಬೋಸೋಮನ್ನು ಕಚ್ಚುವ ಜಾಗ. ಮುಟುರು ರೋಗದ ಎದುರು ದೊಡ್ಡವ್ವನ ಪೈರಿಗೆ ಕಾವಲು ನಿಂತ ಬಾಯಿ ಅದೇ. ಸಾರ್ ಪರದೆಯ ಹತ್ತಿರಕ್ಕೆ ಬಗ್ಗಿ, "ಪಾತ್ತಾಚ್ಚು" ಅಂದರು. ನೋಡಿಯಾಯಿತು ಅಂತ. ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿ ಕಡೆ ತಿರುಗಿಕೊಂಡರು.

ಅಕ್ಕನಿಗೂ ತೋರಿಸಿದೆ. ಬಣ್ಣಬಣ್ಣದ ಪಟ್ಟಿಗಳು ಸುತ್ತಿಕೊಂಡಿದ್ದ ಆ ಚಿತ್ರ ನೋಡಿ, "ಇಷ್ಟ್ ಪಾಡು ಬಿದ್ರೂ ನೂಲು ಸಿಕ್ಕಾಗೇ ಐತಲ್ಲಾ ಮೇಡಂ" ಅಂದಳು. ಸಾರ್ ನಗು ತಡೆಯಲಾರದೆ ಕೆಮ್ಮಿದರು. ಲೇಖನದ ಕೊನೆಯಲ್ಲಿ ಕೃತಜ್ಞತೆ ಹೇಳುವ ಕಡೆ ಮೊದಲ ಹೆಸರು ಅವಳದೇ. ಶಾಖ ಏರಿಸಿ ಇಳಿಸುವ ಕ್ರಮವನ್ನು ಕಂಡುಕೊಂಡವರು ಅಂತಲೇ ಬರೆದೆವು. ಓದಿ ಹೇಳಿದಾಗ ತಲೆ ಆಡಿಸಿ, ತೊಳೆಯುವ ತೊಟ್ಟಿಗೆ ಹೋದಳು.

ಮರುವರ್ಷದ ಆಯುಧಪೂಜೆಗೆ ನಾನು ಊರಿಗೆ ಹೋಗಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಬೇಗ ಬಂದು, ಅಕ್ಕ ಶೆಲ್ಫ್ ಒರೆಸುತ್ತಾ ಹೋದ ಹಾಗೆ ಗಂಟೆಗೆ ಎರಡು ಡಿಗ್ರಿ ಏರಿಸಿದೆ. ಮಧ್ಯಾಹ್ನಕ್ಕೆ ಪೆಟ್ಟಿಗೆಯೂ ಕೋಣೆಯೂ ಒಂದೇ ಆದವು. ಪೂಜೆಯ ತಟ್ಟೆಯಲ್ಲಿದ್ದ ಕುಂಕುಮ ತೆಗೆದು ಬಾಗಿಲ ಮೇಲೆ ನಾನೇ ಬೊಟ್ಟು ಇಟ್ಟೆ, ನಾನು ಒರೆಸಿದ್ದ ಜಾಗದಲ್ಲೇ. ಸ್ವಿಚ್ಚಿಗೆ ಕೈ ಹಾಕಿದೆ.

"ಯಾರ್ನ ಕೇಳಿ ಆಫ್ ಮಾಡ್ತಿದೀಯ, ಕಣ್ಣು?"

ತಿರುಗಿ ನೋಡಿದೆ. ಅಕ್ಕ ಸೇವಂತಿಗೆ ಹಾರ ಹಿಡಿದು ನಿಂತಿದ್ದಳು, ಮುಖ ತುಂಬ ಕೀಟಲೆ. ಒಂದು ವರ್ಷವಾಗಿತ್ತು ಆ ಕರೆ ಕೇಳಿ.

"ನಿನ್ನನ್ನೇ ಕೇಳ್ತಿದೀನಿ ಅಕ್ಕ. ಮಾಡ್ಲಾ?"

"ಮಾಡು" ಅಂದಳು. ಮಾಡಿದೆ.